ಎರಡೇ ಕುರ್ಚಿ

ಕ್ಲಾಕ್ಸ್‌ವೀಕ್ ಬಂದರಿನ ಬೆನ್ನಿಗೆ
ಬಲೆ ಹೆಣೆಯುವವರ ಅಂಗಡಿ.
ಮೆಟ್ಟಿಲ ಸಂದಿಯಲ್ಲಿ, ಕೋಟು ತೂಗುವ ಮೊಳೆಗಳ ಕೆಳಗೆ
ಸರ್ವರ್. ಅದರ ತಲೆಗೊಂದು ಒದ್ದೆ ಉಣ್ಣೆ ಟೋಪಿ.
ತೆಗೆಯಹೋದೆ.
"ಇರಲಿ ಬಿಡು, ಅಲ್ಲಿ ಬೇಗ ಒಣಗುತ್ತೆ"
ಎಂದ ಯಜಮಾನ ಹೊಗ್ನಿ.

ಗಾಳಿ ಎದ್ದ ದಿನ ಸ್ವೀನೊಯ್ ದ್ವೀಪದ ದೋಣಿ ಹೊರಡುವುದಿಲ್ಲ.
ಲೆಕ್ಕ ಬರೆಯುವ ಸುನ್ವಾ ಅಲ್ಲಿ,
ಲೆಕ್ಕ ಇಲ್ಲಿ.
ನವೆಂಬರಿನ ಸಂಬಳ ಒಂಬತ್ತು ದಿನ ತಡವಾಯಿತಂತೆ,
ಕಡಲನ್ನು ಬೈದು ಏನು ಪ್ರಯೋಜನ,
ನನ್ನನ್ನು ಕರೆಸಿದರು.

ಮೂವರ ಹೆಸರು ಬರೆದುಕೊಂಡೆ,
ದೂರದಿಂದ ಬರಬಹುದಾದವರ ಗುಂಪಿಗೆ ಸೇರಿಸಿದೆ:
ಸುನ್ವಾ, ಗೋದಾಮಿನ ಸಿಮುನ್, ಹೊಗ್ನಿ.
ಗುಟ್ಟಿನ ಪದ ಆರಿಸಿಕೊಳ್ಳಿ ಎಂದರೆ
ಸಿಮುನ್ ತನ್ನ ದೋಣಿಯ ಹೆಸರನ್ನೇ ಕೊಟ್ಟ.
ಅದು ದೋಣಿಯ ಎರಡೂ ಪಕ್ಕಕ್ಕೆ
ಮೊಳದುದ್ದ ಅಕ್ಷರದಲ್ಲಿ ಬರೆದಿದೆ, ಸಿಮುನ್.

ಪರೀಕ್ಷೆಗೆಂದು ಒಂದೇ ಒಂದು ಗಂಟೆ
ಬೀದಿಗೆ ಬಾಗಿಲು ತೆರೆದಿಟ್ಟಿದ್ದೆ.
ದಾಖಲೆ ನೋಡಿದರೆ ನಾನೂರು ಸಲ
ಯಾರು ಯಾರೋ ತಟ್ಟಿದ್ದಾರೆ,
ಎಂದೂ ಕೇಳದ ಊರುಗಳಿಂದ,
ಇಲ್ಲಿ ಇಲ್ಲದವರ ಹೆಸರು ಹಿಡಿದು.
ಹೊಗ್ನಿ ಕನ್ನಡಕ ಏರಿಸಿ ಓದಿದ, ತಲೆದೂಗಿದ:
"ನಮ್ಮೂರಲ್ಲಿ ಬಾಗಿಲು ತಟ್ಟುವವರೇ ಇಲ್ಲ,
ಸೀದಾ ಒಳಗೆ ಬರ್ತಾರೆ.
ತಟ್ಟಿದ ಅಂದರೆ ಪರದೇಶಿ."
ಆಮೇಲೆ ಗೋಡೆಯಿಂದ ಒಂದು ಮರದ ಅಳತೆಪಟ್ಟಿ ತೆಗೆದು
ನನ್ನ ಕೈಗಿತ್ತ.
"ಬಲೆಯ ಕಣ್ಣು ಅಳೆಯೋದು ಇದರಲ್ಲಿ.
ನಿನ್ನ ಬಲೆಗೆ ಎಷ್ಟಗಲದ ಕಣ್ಣು?"

ಬೀದಿಯ ಬಾಗಿಲು ಮುಚ್ಚಿದೆ. ಒಳಗಿಂದೊಳಗೇ
ಒಂದು ಓಣಿ ಕೊರೆದೆ, ಓಣಿಯ ತುದಿಗೆ ಬೀಗ,
ಬೀಗಕ್ಕೆ ಮೂರು ಕೈ.
ಸುರಂಗದಲ್ಲಿ ಕಡಲ ಕೆಳಗೆ ಬಸ್ಸು ಹತ್ತಿ ಬಂದವಳು ನಾನು,
ಇದನ್ನು ವಿವರಿಸುವುದು ಕಷ್ಟವಾಗಲಿಲ್ಲ.

ಹನ್ನೆರಡನೇ ದಿನ ಮತ್ತೆ ಕರೆಸಿದರು.
ಹೊರಗೆ ಬಿರುಗಾಳಿ. ಫೋನಿನಲ್ಲಿ ಸುನ್ವಾ:
"ಒಳಗೆ ಬಿಡ್ತಿಲ್ಲ. ಜಾಗ ಇಲ್ಲ ಅಂತಿದೆ.
ಇವತ್ತು ಸಂಬಳದ ದಿನ."

ಆ ಪೆಟ್ಟಿಗೆಯೊಳಗೆ ಎರಡೇ ಕುರ್ಚಿ,
ಮೂರನೆಯದಕ್ಕೆ ದುಡ್ಡು ಕೊಡಬೇಕು, ಮೊದಲೇ ಹೇಳಿದ್ದೆ.
ಯಾರು ಕೂತಿದ್ದಾರೆ ನೋಡಿದೆ.
ಒಂದರಲ್ಲಿ ಸಿಮುನ್, ಹಗ್ಗದ ಸುರುಳಿ ಎಣಿಸುತ್ತ.
ಇನ್ನೊಂದರಲ್ಲಿ ಹೊಗ್ನಿ,
ಹನ್ನೊಂದು ದಿನದಿಂದ, ಅಲ್ಲಾಡದೆ.

ಹೊಗ್ನಿ ನನ್ನೆದುರೇ ಕಾಫಿ ಕುಡಿಯುತ್ತಿದ್ದ.
"ನಾನು ಮುಚ್ಚಿ ಬಂದೆನಲ್ಲ! ಆ ಮೂಲೆಯ ಗುಣಿಸುಗುರುತು ಒತ್ತಿದೆ!"
ಬಾಗಿಲು ಎಳಕೊಂಡು ಬಂದಿದ್ದೀರಿ,
ಎದ್ದು ಬಂದಿಲ್ಲ, ಎಂದೆ.

ಅವನ ಪರದೆ ತೆರೆಸಿದೆ.
ಹನ್ನೊಂದು ದಿನದ ಹಿಂದಿನ ಸಂಜೆ ಹಾಗೇ ಇತ್ತು:
ಅರ್ಧ ಆಡಿಟ್ಟ ಇಸ್ಪೀಟು.
ಅವನ ಕಿವಿ ಕೆಂಪಗಾಯಿತು. ಆದರೂ ಕೂತ.
"ಒಂದು ನಿಮಿಷ. ಈ ಕೆಂಪು ರಾಣಿಗೆ ಎಲ್ಲೂ ಜಾಗ ಸಿಕ್ತಿಲ್ಲ."
ಫೋನು ಮೇಜಿನ ಮೇಲೆ ತೆರೆದೇ ಇತ್ತು.
ಒಂದು ಕಡಲು ದಾಟಿ ಸುನ್ವಾಳ ದನಿ:
"ಕಪ್ಪು ರಾಜ ಎಲ್ಲಾದರೂ ಅಡಗಿರ್ತಾನೆ,
ಸರಿಯಾಗಿ ನೋಡೋಕೆ ಹೇಳು ಅವನಿಗೆ."

ಇದ್ದ, ಮೂರನೇ ಸಾಲಿನ ತಳದಲ್ಲಿ.

ಹೊಗ್ನಿ ಎದ್ದ. ಈ ಸಲ ನಿಜವಾಗಿ ಎದ್ದ,
ಒತ್ತಬೇಕಾದ್ದನ್ನು ಒತ್ತಿ.
ಫೋನಿನಲ್ಲಿ ಬೆರಳುಗಳು ಓಡುವ ಸದ್ದು.
ಕೊಂಚ ಹೊತ್ತಿಗೆ ಮೂಲೆಯ ಪ್ರಿಂಟರ್, ಯಾರೂ ಮುಟ್ಟದೆ,
ಕೆಮ್ಮಿ ಎಚ್ಚರವಾಯಿತು:
ಏಳು ಜನರ ಸಂಬಳದ ಚೀಟಿ,
ಬಿಸಿಬಿಸಿ, ಒಂದರ ಮೇಲೊಂದು.

ದೋಣಿ ಮಾತ್ರ ಕಟ್ಟೆಗೆ ಕಟ್ಟಿಕೊಂಡೇ ಹೊಯ್ದಾಡುತ್ತಿತ್ತು.
ಸರ್ವರಿನ ನೆತ್ತಿಗೆ ಒಂದು ಚೀಟಿ ಅಂಟಿಸಿದೆ,
ಟೋಪಿಗೂ ಸ್ವಲ್ಪ ಜಾಗ ಬಿಟ್ಟು:

ಹೋಗುವವರು ಹೇಳಿ ಹೋಗಿ.